ಝೂಲದ ಕೆಳಗಿನ ಗಜಕರ್ಣ

ಮೊನ್ನೆ ಶನಿವಾರ ನನ್ನ ಬೂಟು ಬಿಚ್ಚಿಸಿದರು. ಗುಡಿಯ ಮುಂದಲ್ಲ, ಕುದುರೆ ಲಾಯದ ಮುಂದೆ.

ನಾನಿರುವುದು ಐರ್ಲೆಂಡ್‌ನ ಕಿಲ್ಡೇರ್ ಕೌಂಟಿಯಲ್ಲಿ. ಇಲ್ಲಿ ಮಂದಿಗೆ ಕುದುರೆ ಅಂದರೆ ನಮ್ಮ ಕಡೆ ಎತ್ತು ಇದ್ದ ಹಾಗೆ, ಮಾತು ಎಲ್ಲಿ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಮಗಳು ಪ್ರತಿ ಶನಿವಾರ ಸವಾರಿ ಕಲಿಯಲು ಹೋಗುತ್ತಾಳೆ. ಆವತ್ತು ಗೇಟಿಗೆ ಒಂದು ಬೋರ್ಡು ತೂಗಿತ್ತು. ಲಾಯದಲ್ಲಿ ಗಜಕರ್ಣ ಬಂದಿದೆ, ಮೂರು ವಾರ ಪಾಠ ಇಲ್ಲ, ಯಾವ ಕುದುರೆಯನ್ನೂ ಮುಟ್ಟಬೇಡಿ. ಅದನ್ನು ಓದುವಷ್ಟರಲ್ಲಿ ನಾನು ಬೇಲಿ ಮೇಲಿಂದ ಕೈ ಚಾಚಿ ಒಂದು ತಟ್ಟುವಿನ ಕುತ್ತಿಗೆ ಸವರಿಯಾಗಿತ್ತು.

ಒಡತಿ ಒಳಗಿಂದ ಓಡಿಬಂದರು. ಮೊದಲು ಕೈಗೆ ಸೋಪು. ಆಮೇಲೆ ಪ್ರಶ್ನೆ. "ಹೋದ ವಾರ ಭಾರತದಿಂದ ಬಂದಿರಂತೆ. ಅಲ್ಲಿ ಕುದುರೆ ಮುಟ್ಟಿದ್ದೀರಾ? ಇದೇ ಬೂಟು ಹಾಕಿದ್ರಾ?"

ಮೈ ಉರಿಯಿತು. ರೋಗ ಅವರ ಲಾಯದಲ್ಲಿ, ವಿಚಾರಣೆ ನನ್ನ ಬೂಟಿಗೆ! ಆದರೆ ಏನು ಹೇಳಲಿ? ಮುಟ್ಟಿದ್ದೆ. ಇದೇ ಬೂಟು ಹಾಕಿದ್ದೆ. ಅಷ್ಟೇ ಅಲ್ಲ, ನೋಡಿಯೂ ಇದ್ದೆ.

ಕಲಬುರಗಿಯಲ್ಲಿ ಅಣ್ಣನ ಮಗನ ಲಗ್ನ. ಬರಾತಿಗೆ, ಅಂದರೆ ಮದುಮಗನ ಮೆರವಣಿಗೆಗೆ, ಬಿಳಿ ಕುದುರೆ ತಂದವರು ನಮ್ಮ ಹಳೇ ಓಣಿಯ ಚಾಚಾ. ಅವರ ಅಪ್ಪ ಸ್ಟೇಷನ್‌ನಿಂದ ಟಾಂಗಾ ಹೊಡೆಯುತ್ತಿದ್ದರು, ಇವರು ಈಗ ಬರಾತಿನ ಕುದುರೆ ಸಾಕಿದ್ದಾರೆ. ಬ್ಯಾಂಡಿನವರು ಇನ್ನೂ ಚಹಾ ಕುಡಿಯುತ್ತಿದ್ದರು. ನಾನು ಲಗಾಮು ಹಿಡಿದು ಸುಮ್ನೆ ಕುದುರೆಯ ಮೈಮೇಲೆ ಹೊದಿಸಿದ್ದ ಜರಿಯ ಬಟ್ಟೆ, ಝೂಲ, ಎತ್ತಿ ನೋಡಿದೆ. ಹೆಗಲ ಹತ್ತಿರ ಎಂಟಾಣೆ ಅಗಲದ ಮೂರು ದುಂಡನೆಯ ಕಲೆ. ಕೂದಲು ಉದುರಿ, ಮೇಲೆ ಬೂದಿ ಉದುರಿಸಿದಂಥ ಹೊಟ್ಟು. ಒಂದರ ಅಂಚನ್ನು ಮುಟ್ಟಿದೆ, ನಾಲ್ಕು ಕೂದಲು ಬೆರಳಿಗೆ ಹತ್ತಿಕೊಂಡು ಬಂದವು. ಚಾಚಾ ನನ್ನ ಮುಖ ನೋಡಿದರು, ಝೂಲ ಕೆಳಗೆ ಎಳೆದರು.

"ಲಗ್ನದ ಸೀಜನ್ ಅದ ಸಾಹೇಬ್ರ. ಹೇಳಿದ್ರ ಯಾರ್ ಕರೀತಾರ?"

ನಾನು ನಕ್ಕೆ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ, ಊಟಕ್ಕೆ ಹೋದೆ. ಮದುಮಗ ಅದರ ಮೇಲೇ ಕೂತ. ಬರಾತ್ ಮುಗಿದ ಮೇಲೆ ಓಣಿಯ ಅರ್ಧ ಮಕ್ಕಳು ಒಬ್ಬರಾದ ಮೇಲೊಬ್ಬರು ಹತ್ತಿ ಫೋಟೋ ತೆಗೆಸಿಕೊಂಡರು.

ಗಜಕರ್ಣಕ್ಕೆ ನಾವು ಹುಳುಕಡ್ಡಿ ಅಂತಲೂ ಅನ್ನುತ್ತೇವೆ. ಹೆಸರಲ್ಲಿ ಹುಳ ಇದೆ, ರೋಗದಲ್ಲಿ ಇಲ್ಲ. ಅದು ಬೂಷ್ಟಿನ ಜಾತಿ. ಕುದುರೆಗೆ ಬರುವುದು ಹೆಚ್ಚಾಗಿ ಟ್ರೈಕೊಫೈಟಾನ್ ಎಂಬ ಶಿಲೀಂಧ್ರದಿಂದ. ಮುಟ್ಟಿದ ಮನುಷ್ಯನಿಗೂ ಹತ್ತುತ್ತದೆ. ಆದರೆ ಕುದುರೆ ಕುದುರೆಯನ್ನು ಮುಟ್ಟಲೇಬೇಕು ಅಂತಿಲ್ಲ. ಬ್ರಷ್ಷು, ಜೀನು, ಹೊಟ್ಟೆಪಟ್ಟಿ, ಲಾಯದ ಬಾಗಿಲು, ನಮ್ಮ ಕೈ, ಯಾವುದಾದರೂ ಸಾಕು. ಮರದ ಸಂದಿಯಲ್ಲಿ, ಚರ್ಮದ ಪಟ್ಟಿಯಲ್ಲಿ ಅದರ ಬೀಜಕಣ ತಿಂಗಳುಗಟ್ಟಲೆ ಕಾದು ಕೂರುತ್ತದೆ. ಹತ್ತಿದ ಮೇಲೆ ಕಲೆ ಕಾಣಲು ಒಂದರಿಂದ ನಾಲ್ಕು ವಾರ ಬೇಕು. ಅಂದರೆ ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರಷ್ಷು ಇಡೀ ಲಾಯ ಸುತ್ತಿ ಬಂದಿರುತ್ತದೆ.

ಈ ಬ್ರಷ್ಷಿನ ವಿಷಯದಲ್ಲೇ ನನಗೆ ನಮ್ಮ ಊರಿನ ಮೇಲೆ ಸಿಟ್ಟು. ಚಾಚಾನ ಹತ್ತಿರ ಮೂರು ಕುದುರೆ, ಮೈ ತಿಕ್ಕುವ ಬ್ರಷ್ಷು, ಅಂದರೆ ಖರಾರ, ಒಂದೇ. ದಿನಾ ಸಂಜೆ ಅದೇ ಖರಾರದಿಂದ ಮೂರರ ಮೈಯನ್ನೂ ತಿಕ್ಕುತ್ತಾರೆ. ಪ್ರೀತಿಯಿಂದಲೇ ತಿಕ್ಕುತ್ತಾರೆ, ಆ ಪ್ರೀತಿಯೇ ಒಂದರ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಇಲ್ಲಿ ನೋಡಿದರೆ ಒಂದೊಂದು ತಟ್ಟುವಿಗೆ ಒಂದೊಂದು ಬಣ್ಣದ ಬಕೆಟ್. ಅದರಲ್ಲಿ ಅದರದೇ ಬ್ರಷ್ಷು, ಅದರದೇ ಬಟ್ಟೆ. ಕಲೆ ಬಂದ ಮೂರು ತಟ್ಟುಗಳಿಗೆ ಕೆಂಪು ಟೇಪು. ಅವುಗಳ ಕೆಲಸ ದಿನದ ಕೊನೆಗೆ, ಬೇರೆ ಕೈಗವಸು ಹಾಕಿಕೊಂಡು. ಔಷಧಿ ನೀರನ್ನು ಕಲೆಯ ಮೇಲಷ್ಟೇ ಅಲ್ಲ, ಇಡೀ ಮೈಗೆ ಹಚ್ಚುತ್ತಾರೆ. ಮೂರು ನಾಲ್ಕು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಬಾಗಿಲು ತಿಕ್ಕುತ್ತಾರೆ, ಜೀನಿನ ಕೆಳಗಿನ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುತ್ತಾರೆ.

ತಮಾಷೆ ಅಂದರೆ, ಗಟ್ಟಿಮುಟ್ಟಾದ ಕುದುರೆಗೆ ಇದು ಏನೂ ಮಾಡದಿದ್ದರೂ ಎರಡು ಮೂರು ತಿಂಗಳಿಗೆ ತಾನೇ ವಾಸಿಯಾಗುತ್ತದೆ. ಮತ್ತೆ ಯಾಕೆ ಇಷ್ಟು ಗದ್ದಲ ಅಂತ ಕೇಳಿದೆ. "ಈ ಕುದುರೆಗಲ್ಲ, ಪಕ್ಕದ ಕುದುರೆಗೆ" ಅಂದರು ಒಡತಿ.

ನಮ್ಮಲ್ಲಿ ಔಷಧಿ ಇಲ್ಲ ಅಂತಲ್ಲ, ಇರುವುದೇ ಜಾಸ್ತಿ. ಬೇವಿನೆಣ್ಣೆ, ಮೈಲುತುತ್ತ, ಅರಿಶಿನ. ಎಲ್ಲದಕ್ಕಿಂತ ಕೆಟ್ಟದ್ದು ಗ್ಯಾರೇಜಿನಿಂದ ತಂದ ಸುಟ್ಟ ಇಂಜಿನ್ ಎಣ್ಣೆ. ಅದು ಚರ್ಮವನ್ನೇ ಸುಡುತ್ತದೆ. ಎಲ್ಲವೂ ಕಲೆಯ ಮೇಲೆ ಮಾತ್ರ, ರಾತ್ರಿ ಹೊತ್ತು, ಯಾರಿಗೂ ಕಾಣದ ಹಾಗೆ. ನನಗೂ ಚಿಕ್ಕಂದಿನಲ್ಲಿ ಟಾಂಗಾದ ಕುದುರೆಯಿಂದ ಮೊಳಕೈ ಹತ್ತಿರ ಗಜಕರ್ಣ ಆಗಿತ್ತು. ಅವ್ವ ಮುಲಾಮು ಹಚ್ಚಿ, ಏಪ್ರಿಲ್ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಡಿಸಿ ಕಳಿಸಿದಳು. "ಸಾಲ್ಯಾಗ ಯಾರಿಗೂ ತೋರಿಸಬ್ಯಾಡ." ಬೆವರಿಗೆ ಅದು ಇನ್ನಷ್ಟು ಹಬ್ಬಿತು. ನನಗೆ ತುಂಬುತೋಳು, ಕುದುರೆಗೆ ಝೂಲ.

ಕುದುರೆ ನಮಗೆ ಹೊಸದಾಗಿದ್ದರೆ ಕ್ಷಮಿಸಬಹುದಿತ್ತು. ಹದಿನೈದನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ತಂದು ಬೀದರ್‌ನಲ್ಲಿ ಮಾರಿದ್ದ. ನಮ್ಮ ಆಳಂದದ ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಬರೆದಿದ್ದಾನೆ. ಲೆಕ್ಕ ಸ್ವಲ್ಪ ಉಬ್ಬಿಸಿರಬಹುದು, ವ್ಯಾಪಾರಿ ಅಲ್ವಾ. ಆದರೂ ಅಷ್ಟು ಹಳೇ ನೆಂಟಸ್ತನ. ಈಗ ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. 2017ರಲ್ಲಿ ಬೀದರ್-ಕಲಬುರಗಿ ರೈಲೂ ಬಂತು. ರೈಲಿಗೆ ಕುದುರೆ ಹತ್ತುವುದಿಲ್ಲ ನಿಜ, ಫೋನಿನಲ್ಲಿ ಕಲೆಯ ಫೋಟೋ ಹೋಗುತ್ತದಲ್ಲ.

ಇಲ್ಲಿನವರದ್ದು ಬರೀ ಜಾಣತನ ಅಂತಲೂ ಅಲ್ಲ, ಹೇಳಲೇಬೇಕು. ಇಲ್ಲಿ ಕುದುರೆಗೆ ಇನ್ನೊಂದು ಕಾಟ ಇದೆ, ಮಳೆಹುಣ್ಣು. ಇದು ಬೂಷ್ಟಲ್ಲ, ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ. ಬೆನ್ನು ನೆನೆದು ನೆನೆದು ಹೆಕ್ಕಳೆ ಕಟ್ಟುತ್ತದೆ. ಹೆಕ್ಕಳೆ ಕಿತ್ತರೆ ಅದರ ಜೊತೆ ಕೂದಲ ಗೊಂಚಲು ಸಣ್ಣ ಪೇಂಟ್ ಬ್ರಷ್ಷಿನ ಹಾಗೆ ಬರುತ್ತದೆ. ಅದೇ ಕಾಲಿಗೆ ಬಂದರೆ ಕೆಸರುಜ್ವರ ಅನ್ನುತ್ತಾರೆ, ಜ್ವರವೇನೂ ಇರುವುದಿಲ್ಲ. ಇಲ್ಲಿಯ ಮಳೆ ನಮ್ಮಲ್ಲಿಗಿಂತ ಬಹಳ ಜಾಸ್ತಿ ಅಂದುಕೊಂಡಿದ್ದೆ. ನೋಡಿದರೆ ಎರಡೂ ಕಡೆ ವರ್ಷಕ್ಕೆ ಹೆಚ್ಚುಕಡಿಮೆ 750 ಮಿಲಿಮೀಟರ್. ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಇವರದು ವರ್ಷವಿಡೀ ತೊಟ್ಟಿಕ್ಕುತ್ತದೆ. ಕುದುರೆಯ ಬೆನ್ನು ಒಣಗಲು ಬಿಡುವೇ ಇಲ್ಲ. ಔಷಧಿಗಿಂತ ಮೊದಲು ಮೈ ಒಣಗಿಸಿ ಅನ್ನುತ್ತಾರೆ ಇಲ್ಲಿನ ಡಾಕ್ಟರು. ನಮ್ಮ ಮೇ ತಿಂಗಳ ಬಿಸಿಲನ್ನು ಡಬ್ಬಿಯಲ್ಲಿ ತುಂಬಿ ಮಾರಿದರೆ ಈ ಊರಿನವರು ಸಾಲು ನಿಲ್ಲುತ್ತಾರೆ. ಆ ಬಿಸಿಲು ಪುಕ್ಕಟೆ ಸಿಗುವ ನಾವು ಕುದುರೆಗೆ ದಪ್ಪ ಝೂಲ ಹೊದಿಸಿ ಬೆವರಿಸುತ್ತೇವೆ.

ಇಷ್ಟೆಲ್ಲ ಬರೆಯಲು ಕೂತವನು ಚಾಚಾಗೆ ಫೋನ್ ಮಾಡಿದೆ. ಡಾಕ್ಟರಿಗೆ ತೋರಿಸಿ ಅಂದೆ. ಅವರ ಅಂಜಿಕೆ ಬೇರೆಯೇ ಇತ್ತು. "ಗ್ಲಾಂಡರ್ಸ್ ಅಂದುಬಿಟ್ರ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗ್ಲಾಂಡರ್ಸ್ ಅಂದರೆ ಕುದುರೆಗೆ ಬರುವ ಮಾರಕ ಅಂಟುರೋಗ. ಅದು ಚರ್ಮದಲ್ಲೂ ಕಾಣಿಸಿಕೊಳ್ಳುತ್ತದೆ, ಗಂಟು ಗಂಟಾಗಿ ಒಡೆದು ಸೋರುತ್ತದೆ. ಮನುಷ್ಯರಿಗೂ ಬರುತ್ತದೆ. ಖಚಿತವಾದರೆ ಔಷಧಿ ಕೊಡುವ ಮಾತಿಲ್ಲ, ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆಯ ಪ್ರಕಾರ ಕುದುರೆಯನ್ನು ಸಾಯಿಸಬೇಕು. ಚಾಚಾನ ಕುದುರೆಯ ಒಣ ಹೊಟ್ಟಿನ ಕಲೆ ಅದರ ಹಾಗೆ ಕಾಣುವುದೇ ಇಲ್ಲ. ಆದರೆ ಕುದುರೆಯ ಮೇಲೆ ಆರು ಮಂದಿಯ ಅನ್ನ ಇರುವವನಿಗೆ ಇದನ್ನು ಡಬ್ಲಿನ್ ಪಕ್ಕದಲ್ಲಿ ಕೂತು ಹೇಳುವುದು ಸುಲಭ.

"ಮೂರು ವಾರ ಬೋರ್ಡ್ ಹಾಕಿದ್ರ ಕಡ್ಲಿ, ಕಣಿಕಿಗೆ ಯಾರು ಕೊಡ್ತಾರ?" ಅಂದರು.

ಇಲ್ಲಿ ಯಾರು ಕೊಡುತ್ತಾರೆ? ಅದೇ ಸಂಜೆ ಗೊತ್ತಾಯಿತು. ಲಾಯದಿಂದ ಬಿಲ್ಲು ಬಂದಿತ್ತು, ಇಡೀ ತಿಂಗಳಿನದು. ಮೂರು ವಾರ ಪಾಠ ಇಲ್ಲದಿದ್ದರೂ ಒಂದು ಯೂರೋ ಕಡಿಮೆ ಇಲ್ಲ. ಸೇರುವಾಗ ಸಹಿ ಹಾಕಿದ ಕಾಗದದಲ್ಲೇ ಹಾಗಂತ ಬರೆದಿದೆಯಂತೆ. ಆ ಬೋರ್ಡಿನ ಖರ್ಚು ಕೊಡುತ್ತಿರುವವನು ನಾನೇ.

ಅಣ್ಣನಿಗೆ ಕೇಳಿದೆ, ಚಾಚಾ ಆವತ್ತು ಬಾಯಿಬಿಟ್ಟು ಹೇಳಿದ್ದರೆ ಏನು ಮಾಡುತ್ತಿದ್ದೆ ಅಂತ. "ಬ್ಯಾರೆ ಕುದುರಿ ತರ್ತಿದ್ದೆ. ಅಡ್ವಾನ್ಸ್ ವಾಪಸ್ ತಗೋತಿದ್ದೆ, ಮತ್ತೇನು" ಅಂದ. ಬಾಡಿಗೆಯಲ್ಲಿ 500 ರೂಪಾಯಿ ಚೌಕಾಸಿ ಮಾಡಿದ್ದೂ ನೆನಪಾಯಿತು. ಮಾಡಿದವನು ಅವನಲ್ಲ, ನಾನು.

ಎರಡು ಖರಾರದ ದುಡ್ಡು ಚಾಚಾಗೆ ಫೋನ್‌ಪೇ ಮಾಡಿದ್ದೇನೆ. ಒಂದೊಂದು ಕುದುರೆಗೆ ಒಂದೊಂದು ಅಂತ ಹತ್ತು ಸಲ ಹೇಳಿದ್ದೇನೆ. "ಆಯ್ತು ಸಾಹೇಬ್ರ" ಅಂದರು. ಆ ಕಲೆ ಹೇಗಿದೆ ಅಂತ ಕೇಳಿದೆ.

"ಗುರುವಾರ ಶಹಾಬಜಾರ್‌ದಾಗ ಒಂದು ಬರಾತ್ ಅದ. ಹೊಸ ಝೂಲ ಹೊಲಿಸೀನ್ರಿ, ಕುತ್ತಿಗಿ ತನಕ ಬರ್ತದ."