ಮೊದಲು ಕಂಠ, ಆಮೇಲೆ ವೇದಿಕೆ
ಹೆಚ್ಚು ವೇದಿಕೆ ಹತ್ತಿದಷ್ಟೂ ಸಂಗೀತಗಾರ ಬೇಗ ನೆಲೆ ನಿಲ್ಲುತ್ತಾನೆ ಎಂಬ ಮಾತಿದೆ. ಹತ್ತಲಿ, ಆದರೆ ಕಂಠ ಉಳಿಯಬೇಕಲ್ಲ! ಹುಬ್ಬಳ್ಳಿ-ಧಾರವಾಡದ ಎಷ್ಟೋ ಎಳೆಯ ಗಾಯಕರು ಎಡವುವುದು ಇಲ್ಲೇ. ಕರಿ 1ರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಆರಾಮಾಗಿ ಹಾಡುವವರು ಭಕ್ತಿಗೀತೆ ಕಾರ್ಯಕ್ರಮದಲ್ಲಿ ವಾದ್ಯದವರ ಅನುಕೂಲಕ್ಕೆಂದು ಕರಿ 2ಕ್ಕೆ ಏರುತ್ತಾರೆ. ಮಾನಿಟರ್‌ನಲ್ಲಿ (ಗಾಯಕರತ್ತ ತಿರುಗಿಸಿಟ್ಟ ಸ್ಪೀಕರ್‌ನಲ್ಲಿ) ತಮ್ಮ ದನಿ ಕೇಳದಿದ್ದರೆ ಕೂಗುತ್ತಾರೆ. ಮರುದಿನ ತಾರ ಷಡ್ಜ (ಮೇಲಿನ ಸ) ಒಡೆಯುತ್ತದೆ. ಸೌಂಡ್ ಚೆಕ್‌ಗೆ ಅರ್ಧ ಗಂಟೆ ಕೇಳಿ ಪಡೆಯಿರಿ. ಮಾನಿಟರ್‌ಗೆ ಮೊದಲು ತಂಬೂರಿ, ನಿಮ್ಮ ದನಿ, ಆಮೇಲೆ ತಬಲಾ. ಬೆಳಿಗ್ಗೆ 20 ನಿಮಿಷ ಮಂದ್ರದಲ್ಲಿ ಖರ್ಜ, ಅಂದರೆ ತಗ್ಗಿನ ಸ್ವರಗಳ ಅಭ್ಯಾಸ, ಒತ್ತಡವಿಲ್ಲದೆ. ದನಿ ಒರಟಾದ ದಿನ ತಾನ್ (ವೇಗದ ಸ್ವರಗಳ ಓಟ) ಬೇಡವೇ ಬೇಡ.

ಹಾಗೆಂದು ದನಿ ಬದಲಾದರೆ ಎಲ್ಲ ಮುಗಿಯಿತೆಂದಲ್ಲ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು. ಆ ದನಿಯಲ್ಲೇ ಅವರು ದಶಕಗಳ ಕಾಲ ಹಾಡಿದರು.

ಇನ್ನು ಗಳಿಕೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಗಾಯನದ ಜತೆ ಹಲವು ವಾದ್ಯ ನುಡಿಸುತ್ತಿದ್ದರು. ಹಾಡುವವರು ಹಾರ್ಮೋನಿಯಂ ಸಾಥ್ (ಇತರರ ಗಾಯನಕ್ಕೆ ಜತೆವಾದನ) ಕಲಿತರೆ ಸ್ವಂತ ಗಾಯನ ಕಚೇರಿ ಇಲ್ಲದ ತಿಂಗಳೂ ಸಾಗುತ್ತದೆ. ಆಕಾಶವಾಣಿ ಆಡಿಷನ್‌ನಲ್ಲಿ ಬಿ ಶ್ರೇಣಿ ಬಂದರೆ ಬೇಸರ ಬೇಡ, ಬಿ ಹೈ, ಎ ಶ್ರೇಣಿಗೆ ಮತ್ತೆ ಅರ್ಜಿ ಹಾಕಬಹುದು. ಸಂಭಾವನೆ, ಪ್ರಯಾಣ ಖರ್ಚು, ಸಾಥಿದಾರರ ಹಣ ಮೂರನ್ನೂ ಬೇರೆ ಬೇರೆಯಾಗಿ ಆಯೋಜಕರಿಂದ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಒಂದೇ ಮೊತ್ತ ಹೇಳಿದರೆ ಕಡೆಗೆ ಕಡಿತವಾಗುವುದು ತಬಲಾದವರ ಪಾಲು, ಮುಂದಿನ ಸಲ ಅವರು ಬರುವುದಿಲ್ಲ.