ಗದ್ದುಗೆಗೆ ಮೊದಲು ಬೇಕಿರುವುದು ಬಣ್ಣ ಅಲ್ಲ

ಮಡಿಕೇರಿಗೆ ಬಂದವರು ರಾಜಾಸೀಟ್ ನೋಡುತ್ತಾರೆ, ಅಬ್ಬಿ ಫಾಲ್ಸ್ ನೋಡುತ್ತಾರೆ. ಕೊಡಗನ್ನು ಆಳಿದ ಹಾಲೇರಿ ಅರಸರ ಸಮಾಧಿಗಳಿರುವ ಗದ್ದುಗೆಗೆ ಬರುವವರು ಕಡಿಮೆ. ಬಂದವರಲ್ಲೂ ಕೆಲವರು ಗುಮ್ಮಟ, ಮಿನಾರು ನೋಡಿ ‘ಇದು ದರ್ಗಾನಾ?’ ಅಂತ ಕೇಳುತ್ತಾರೆ. ಹೊರಗಿನಿಂದ ಹಾಗೇ ಕಾಣುತ್ತದೆ ಬಿಡಿ. ಆದರೆ ಮೂಲೆಗಳಲ್ಲಿ ನಂದಿ, ಒಳಗೆ ಲಿಂಗ. ಹಾಲೇರಿ ಅರಸರು ಲಿಂಗಾಯತರು. ಸುಡುವ ಪದ್ಧತಿ ಅವರದಲ್ಲ, ಹೂಳುವುದು.

ಇಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯ ಸಮಾಧಿ ಇದೆ. ಪಕ್ಕದಲ್ಲಿ ಲಿಂಗರಾಜೇಂದ್ರನದು. ಅದನ್ನು 1820ರಲ್ಲಿ ಕಟ್ಟಿಸಿದವನು ಮಗ ಚಿಕ್ಕವೀರರಾಜೇಂದ್ರ. ಇನ್ನೊಂದು ರಾಜಗುರುವಿನದು, 1834ರದ್ದು. ಅದೇ ವರ್ಷ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಅಪ್ಪನಿಗೆ ಇಷ್ಟು ಚೆಂದದ ಗುಮ್ಮಟ ಕಟ್ಟಿಸಿದ ಚಿಕ್ಕವೀರರಾಜ ಪಟ್ಟ ಕಳೆದುಕೊಂಡು ಕಾಶಿ ಸೇರಿದ, ಆಮೇಲೆ ಮಗಳ ಜೊತೆ ಲಂಡನ್‌ಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ. ಮಗಳು ಗೌರಮ್ಮ 1864ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಗದ್ದುಗೆ ವಿಷಯ ಎತ್ತಿದರೆ ಒಂದು ಮಾತು ಬಂದೇ ಬರುತ್ತದೆ: ‘ಅಂಥ ಕ್ರೂರಿ ರಾಜರ ಗೋರಿಗೆ ದುಡ್ಡು ಯಾಕೆ?’ ರಾಜರನ್ನು ಮೆಚ್ಚಿ ಅಂತ ಯಾರು ಹೇಳಿದರು? ಬಯ್ಯುವುದಕ್ಕೂ ಅವರ ಗುರುತು ಉಳಿದಿರಬೇಕು, ಅಲ್ವಾ? ಅದೂ ಅಲ್ಲದೆ ಇಲ್ಲಿ ರಾಜರಷ್ಟೇ ಇಲ್ಲ. ಸೇನಾನಿ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ ಇಬ್ಬರ ಸಮಾಧಿಗಳೂ ಹತ್ತಿರದಲ್ಲೇ ಇವೆ. ಗುಮ್ಮಟದ ಮುಂದೆ ಸೆಲ್ಫಿ ತೆಗೆದುಕೊಂಡವರು ಅತ್ತ ತಿರುಗಿಯೂ ನೋಡುವುದಿಲ್ಲ.

ನನ್ನ ತಕರಾರು ಇರುವುದು ‘ಅಭಿವೃದ್ಧಿ’ ಅನ್ನುವ ಹುಚ್ಚಿನ ಮೇಲೆ. ಹಳೇ ಕಟ್ಟಡ ಅಂದ ಕೂಡಲೇ ನಮಗೆ ಲೈಟು, ಕಾರಂಜಿ, ಹೊಸ ಬಣ್ಣ ನೆನಪಾಗುತ್ತವೆ. ನಮ್ಮ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಿಡುವ ಲಕ್ಷಣವೇ ಇಲ್ಲ. ಸುಣ್ಣದ ಗಾರೆ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ನೀರು ಒಳಗೇ ನಿಂತು ಗೋಡೆಯನ್ನೇ ಕೊರೆಯುತ್ತದೆ. ಬಿರುಕಿನಲ್ಲಿ ಚಿಗುರಿದ ಅರಳಿ ಗಿಡವನ್ನು ಮೇಲಿಂದ ಕತ್ತರಿಸಿದರೂ ಸಾಲದು, ಬೇರು ಸಾಯಬೇಕು. ಗಾರೆ ಕೆಲಸ ಗೊತ್ತಿರುವವರನ್ನೇ ಕರೆಸಿ, ಮಳೆಗಾಲಕ್ಕೆ ಮೊದಲು ಮುಗಿಸಬೇಕು.

ಇನ್ನು ಜಾಗ. ಸುತ್ತಲಿನ ಒತ್ತುವರಿ ಸುದ್ದಿ ಓದಿ ಓದಿ ಸಾಕಾಗಿದೆ. ಸರ್ವೆ ಮಾಡಿ, ಗಡಿ ಕಲ್ಲು ನೆಟ್ಟು, ನಕ್ಷೆಯನ್ನು ಗೇಟಿನ ಹತ್ತಿರವೇ ದೊಡ್ಡದಾಗಿ ಹಾಕಲಿ. ಅಲ್ಲಿ ಮನೆ ಕಟ್ಟಿಕೊಂಡ ಬಡವರನ್ನು ರಾತ್ರೋರಾತ್ರಿ ಬೀದಿಗೆ ಹಾಕಬಾರದು, ಮೊದಲು ಬೇರೆ ಜಾಗ ಕೊಡಲಿ. ಕಾರಂಜಿ ಆಮೇಲೆ ನೋಡೋಣ.