ಪರ-ವಿರೋಧ: 104 ಗೆದ್ದವರನ್ನು ಇಳಿಸಿದ್ದು ಸರಿಯೇ?

2018ರ ಮೇ ತಿಂಗಳು. ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿ 104 ಸೀಟು ಗೆದ್ದು ಬಹುಮತಕ್ಕೆ ಸ್ವಲ್ಪದರಲ್ಲಿ ತಪ್ಪಿತು. ಮತ ಎಣಿಕೆ ಪೂರ್ತಿ ಮುಗಿಯುವ ಮುಂಚೆಯೇ ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಜೋಡಿಸಿದವು. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು, ಮೂರನೇ ದಿನ ರಾಜೀನಾಮೆ ಕೊಟ್ಟರು. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಅದು ಸರಿಯಾ ತಪ್ಪಾ ಎಂಬ ಜಗಳ ಮಾತ್ರ ಟೀ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಹೆಚ್ಚು ಸೀಟು ಗೆದ್ದ ಪಕ್ಷದ ಅಲ್ಪಮತದ ಸರ್ಕಾರವನ್ನು, ಓಟು ಎಣಿಸಿದ ಮೇಲೆ ಹುಟ್ಟಿದ ಮೈತ್ರಿ ಕೆಡವಬಹುದೇ? ಇಬ್ಬರನ್ನು ಕೇಳಿದೆವು.

ಪರ: ಮುಖ್ಯಮಂತ್ರಿಯನ್ನು ಆರಿಸುವುದು ಸದನ

ಮೊದಲೇ ಒಂದು ಮಾತು. ಕುಮಾರಸ್ವಾಮಿ ಸರ್ಕಾರ ಚೆನ್ನಾಗಿ ನಡೆಯಿತು ಎಂದು ಬರೆಯಿರಿ ಅಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಸಂಪಾದಕರು ಕೇಳಿದ್ದು ಅದಲ್ಲ. ಆ ಸರ್ಕಾರ ನ್ಯಾಯವಾಗಿ ಹುಟ್ಟಿತೇ ಎಂದು ಕೇಳಿದ್ದಾರೆ. ಅಷ್ಟಕ್ಕೇ ನನ್ನ ಉತ್ತರ: ಹೌದು.

ಎಣಿಸೋಣ. 224 ಕ್ಷೇತ್ರಗಳಲ್ಲಿ ಮೇ 12ರಂದು ಮತದಾನ ನಡೆದದ್ದು 222ರಲ್ಲಿ. ಜಯನಗರದಲ್ಲಿ ಅಭ್ಯರ್ಥಿಯೊಬ್ಬರು ತೀರಿಕೊಂಡಿದ್ದರು. ರಾಜರಾಜೇಶ್ವರಿ ನಗರದಲ್ಲಿ ಫ್ಲಾಟೊಂದರಲ್ಲಿ ವೋಟರ್ ಐಡಿಗಳ ರಾಶಿ ಸಿಕ್ಕಿ ಚುನಾವಣೆ ಮುಂದಕ್ಕೆ ಹೋಗಿತ್ತು. 222ಕ್ಕೆ ಬಹುಮತ ಅಂದರೆ 112. ಬಿಜೆಪಿಯದು 104. ಕಾಂಗ್ರೆಸ್ 78, ಜೆಡಿಎಸ್ 37. ಜೆಡಿಎಸ್ ಜೊತೆ ಚುನಾವಣೆಗೆ ಮುಂಚೆಯೇ ಒಪ್ಪಂದ ಮಾಡಿಕೊಂಡಿದ್ದ ಬಿಎಸ್‌ಪಿಯಿಂದ ಕೊಳ್ಳೇಗಾಲದ ಎನ್. ಮಹೇಶ್ ಒಬ್ಬರು. ಒಟ್ಟು 116. ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದಿದ್ದರಿಂದ ಒಂದು ತಲೆ ಕಳೆಯಿರಿ, 115. ಆಗಲೂ ಬಹುಮತಕ್ಕಿಂತ ಜಾಸ್ತಿಯೇ.

ಇಷ್ಟೇ ವಿಷಯ. ಇದು ಓಟದ ಪಂದ್ಯವಲ್ಲ, ಮೊದಲು ಬಂದವರ ಕೈಗೆ ಕಪ್ ಕೊಟ್ಟು ಕಳಿಸಲು. ಮಂತ್ರಿಮಂಡಲ ವಿಧಾನಸಭೆಗೆ ಹೊಣೆ ಎಂದು ಸಂವಿಧಾನದ 164ನೇ ವಿಧಿ ಹೇಳುತ್ತದೆ. ನಾವು ಆರಿಸುವುದು ಶಾಸಕರನ್ನು. ಶಾಸಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರ ಹಿಂದಿದ್ದಾರೋ ಅವರು ಮುಖ್ಯಮಂತ್ರಿ. ಕೇಂದ್ರ-ರಾಜ್ಯ ಸಂಬಂಧದ ಬಗ್ಗೆ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಅತಿ ದೊಡ್ಡ ಪಕ್ಷಕ್ಕೆ ಮೊದಲ ಅವಕಾಶ ಕೊಡಿ ಅಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಅದೇ ಸಾಲನ್ನು ಪೂರ್ತಿ ಓದಿ. ಬೇರೆಯವರ ಬೆಂಬಲ ಇರುವ ಅತಿ ದೊಡ್ಡ ಪಕ್ಷ ಎಂದಿದೆ. ಮೇ 16ರ ರಾತ್ರಿ ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದಾಗ ಆ ಬೆಂಬಲ ಯಾರದಿತ್ತು? ಹದಿನೈದು ದಿನ ಸಮಯ ಕೊಟ್ಟದ್ದು ಅದನ್ನು ಹುಡುಕಿಕೊಳ್ಳಲು ತಾನೇ? ಸುಪ್ರೀಂ ಕೋರ್ಟ್ ರಾತ್ರಿ ಎರಡರ ಸುಮಾರಿಗೆ ಕೂತು ಬೆಳಗಿನ ಜಾವದವರೆಗೆ ವಾದ ಕೇಳಿತು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ ಮರುದಿನ, ಹದಿನೈದು ದಿನ ಬೇಡ, ಮೇ 19ರ ಸಂಜೆ ನಾಲ್ಕಕ್ಕೇ ಬಹುಮತ ತೋರಿಸಿ ಎಂದಿತು. ಸಂಜೆ ನಾಲ್ಕಾಯಿತು. ಯಡಿಯೂರಪ್ಪ ಭಾಷಣ ಮಾಡಿ, ಮತಕ್ಕೆ ಹಾಕದೆಯೇ ರಾಜಭವನದ ಕಡೆ ಹೊರಟರು.

ಬಹುಮತ ರಾಜಭವನದಲ್ಲಲ್ಲ, ಸದನದಲ್ಲೇ ಸಾಬೀತಾಗಬೇಕು ಎಂದು ದೇಶಕ್ಕೆಲ್ಲ ಪಾಠವಾದದ್ದು ನಮ್ಮ ಎಸ್.ಆರ್. ಬೊಮ್ಮಾಯಿಯವರ ಕೇಸಿನಲ್ಲೇ, 1994ರಲ್ಲಿ. ಅದನ್ನು ನಾವೇ ಮರೆತರೆ ಹೇಗೆ?

ಹಳೆಯದನ್ನು ನೋಡಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಬಂದದ್ದು 95. ಬಿಜೆಪಿಯ 18 ಜನ ಹೊರಗಿನಿಂದ ಬೆಂಬಲ ಕೊಟ್ಟರು. ಅದನ್ನು ಯಾರೂ ಮೋಸ ಅನ್ನಲಿಲ್ಲ. 1996ರಲ್ಲಿ 161 ಸೀಟಿನ ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಹೋಯಿತು. ಬಂದವರು ಯಾರು? ಚುನಾವಣೆ ಆದಮೇಲೆ ಕೂಡಿಕೊಂಡ ಸಂಯುಕ್ತ ರಂಗ. ಜನತಾ ದಳದ ಸೀಟು ಐವತ್ತೂ ಇರಲಿಲ್ಲ. ಆದರೂ ದೇವೇಗೌಡರು ಪ್ರಧಾನಿಯಾದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು ಅಲ್ವಾ? 2017ರಲ್ಲಿ ಗೋವಾದಲ್ಲಿ ಕಾಂಗ್ರೆಸ್‌ಗೆ 17, ಬಿಜೆಪಿಗೆ 13. ಸರ್ಕಾರ ಮಾಡಿದ್ದು 13ರವರು. ಮಣಿಪುರದಲ್ಲಿ 28 ಮತ್ತು 21. ಅಲ್ಲೂ ಅದೇ ಕತೆ. ಗೋವಾದಲ್ಲಿ ಸರಿಯಾದದ್ದು ಬೆಂಗಳೂರಲ್ಲಿ ತಪ್ಪಾಗುವುದು ಹೇಗೆ?

ಕೆನಡಾದಲ್ಲೂ 2008ರ ಡಿಸೆಂಬರ್‌ನಲ್ಲಿ ಇದೇ ರಾಮಾಯಣವಾಯಿತು. ಅಲ್ಲಿನ ಪ್ರಧಾನಿ ಹಾರ್ಪರ್ ಹತ್ತಿರ 308ರಲ್ಲಿ 143 ಸೀಟು. ಲಿಬರಲ್ ಮತ್ತು ಎನ್‌ಡಿಪಿ ಪಕ್ಷಗಳು ಕೂಡಿ ಸರ್ಕಾರ ಮಾಡುತ್ತೇವೆ ಎಂದು ಸಹಿ ಹಾಕಿದವು. ಕ್ವಿಬೆಕ್‌ನ ಬ್ಲಾಕ್ ಪಕ್ಷ ಬೆಂಬಲ ಕೊಡುತ್ತೇನೆ ಅಂದಿತು. ಹಾರ್ಪರ್ ಏನು ಮಾಡಿದರು? ಗವರ್ನರ್ ಜನರಲ್ ಹತ್ತಿರ ಹೋಗಿ, ವಿಶ್ವಾಸಮತಕ್ಕೆ ಮುಂಚೆಯೇ ಸಂಸತ್ತಿನ ಅಧಿವೇಶನ ಮುಗಿಸಿಸಿ, ಜನವರಿ ಕೊನೆಯವರೆಗೆ ಬಾಗಿಲು ಹಾಕಿಸಿದರು. ಅಷ್ಟರಲ್ಲಿ ಮೈತ್ರಿ ಒಳಗೇ ಒಡೆಯಿತು. ಸದನ ಎದುರಿಸಲು ಹೆದರಿದವರು ಯಾರು ಅನ್ನುವುದು ಅಲ್ಲೂ ಗೊತ್ತಾಯಿತು, ಇಲ್ಲೂ ಗೊತ್ತಾಯಿತು.

ಇನ್ನು, ಜನ ಈ ಮೈತ್ರಿಗೆ ಓಟು ಹಾಕಿರಲಿಲ್ಲ ಎಂಬ ಮಾತು. ಹೌದು, ಹಾಕಿರಲಿಲ್ಲ. ಬಿಜೆಪಿಗೆ ಬಂದ ಓಟು ನೂರಕ್ಕೆ ಮೂವತ್ತಾರು. ಮಿಕ್ಕವರು ಅದಕ್ಕೂ ಹಾಕಿರಲಿಲ್ಲ. ಜನರಿಗೆ ಅಷ್ಟು ಸಿಟ್ಟಿದ್ದರೆ ಆರು ತಿಂಗಳಲ್ಲೇ ತೋರಿಸಬಹುದಿತ್ತು. ನವೆಂಬರ್‌ನಲ್ಲಿ ಐದು ಉಪಚುನಾವಣೆ ನಡೆದವು. ನಾಲ್ಕು ಮೈತ್ರಿಗೆ ಬಂದವು, ಬಳ್ಳಾರಿಯೂ ಸೇರಿ.

ಶಾಸಕರು ಕೈತಪ್ಪದಿರಲಿ ಎಂದು ರೆಸಾರ್ಟ್, ರಾತ್ರೋರಾತ್ರಿ ಹೈದರಾಬಾದಿಗೆ ಬಸ್ಸು, ಇವನ್ನೆಲ್ಲ ಸಮರ್ಥಿಸು ಎಂದರೆ ನನ್ನಿಂದಾಗದು. ಕೇಳಿದ್ದೂ ಅದಲ್ಲವಲ್ಲ.

ವಿರೋಧ: ನಮ್ಮೂರಲ್ಲಿ ಕೇಳಿ, ಆಮೇಲೆ ಕಾನೂನು ಹೇಳಿ

ಪರ ಬರೆಯುವವರು ಖಂಡಿತ ಲೆಕ್ಕ ತೆಗೆಯುತ್ತಾರೆ. 78 ಕೂಡಿಸು 37. ಆಮೇಲೆ ಗೋವಾಕ್ಕೆ ಹೋಗುತ್ತಾರೆ. ಪುರುಸೊತ್ತಿದ್ದರೆ ವಿದೇಶಕ್ಕೂ. ಅಷ್ಟು ದೂರ ಯಾಕೆ? ಮೈಸೂರು ರಸ್ತೆ ಹಿಡಿದು ಮದ್ದೂರಿನಲ್ಲಿ ಇಳಿದುಕೊಳ್ಳಿ.

ನಾನು ಕಮಲಕ್ಕೆ ಒತ್ತಿದವನಲ್ಲ. ನಮ್ಮ ಕಡೆ 2018ರಲ್ಲಿ ಕಮಲ ಕಣದಲ್ಲಿ ಲೆಕ್ಕಕ್ಕೇ ಇರಲಿಲ್ಲ. ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್ ಗೆದ್ದಿತು. ಸೋತದ್ದು ಯಾರು? ಕಾಂಗ್ರೆಸ್. ಇಲ್ಲಿ ರಾಜಕೀಯ ಅಂದರೆ ಕೈ ಮತ್ತು ತೆನೆ. ಹಾಲಿನ ಡೇರಿ ಚುನಾವಣೆ ಇರಲಿ, ಸೊಸೈಟಿ ಇರಲಿ, ಪಂಚಾಯ್ತಿ ಇರಲಿ, ಈ ಇಬ್ಬರದೇ ಹೊಡೆದಾಟ. ಒಂದೇ ಬೀದಿಯಲ್ಲಿ ಎರಡು ಅರಳಿಕಟ್ಟೆ ಮಾಡಿಕೊಂಡ ಊರುಗಳಿವೆ.

ನಮ್ಮ ಭಾವ ಇಪ್ಪತ್ತು ವರ್ಷದಿಂದ ಕಾಂಗ್ರೆಸ್‌ನ ಬೂತ್ ಏಜೆಂಟು. ಮತದಾರರ ಪಟ್ಟಿ ಅವರ ಕೈಯಲ್ಲಿ ಕೊಟ್ಟು ನೋಡಬೇಕು. ನಮ್ಮವರಿಗೆ ನೀಲಿ ಇಂಕು, ಅವರವರಿಗೆ ಕೆಂಪು, ಬೆಂಗಳೂರಲ್ಲಿ ಇರುವವರಿಗೆ ಸುತ್ತು. ಯಾರ ಮಗ ಯಾವ ಬಸ್ಸಿಗೆ ಬರುತ್ತಾನೆ ಅನ್ನುವುದನ್ನೂ ಮಗ್ಗುಲಲ್ಲೇ ಬರೆದುಕೊಂಡಿರುತ್ತಾರೆ. ಆ ಸಲ ಮತದಾನದ ದಿನ ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಎದುರು ಮನೆಯವರ ಜೊತೆ ಮಾತಿಗೆ ಮಾತು ಬೆಳೆದು ತಳ್ಳಾಟವಾಯಿತು. ಎರಡೂ ಕಡೆಯವರು ಸ್ಟೇಷನ್‌ಗೆ ಹೋದರು. ಎರಡೂ ಕಡೆ ಎಫ್‌ಐಆರ್ ಆಯಿತು.

ಹದಿನೈದನೇ ತಾರೀಕು ಎಣಿಕೆ. ಭಾವ ಬೆಳಗ್ಗೆಯಿಂದ ಟಿವಿ ಮುಂದೆ. ಅವರ ಮನೆ ಮುಂದೆಯೇ ತೆನೆಯವರು ಪಟಾಕಿ ಹಚ್ಚಿದರು, ಬೇಕಂತಲೇ. ಮಧ್ಯಾಹ್ನದ ಹೊತ್ತಿಗೆ ಅದೇ ಟಿವಿಯಲ್ಲಿ ಕಾಂಗ್ರೆಸ್‌ನವರು ಮುಖ್ಯಮಂತ್ರಿ ಕುರ್ಚಿಯನ್ನೇ ಜೆಡಿಎಸ್‌ಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಸಂಜೆ ಎದುರು ಮನೆಯ ಹುಡುಗ ಬಂದು, 'ಇನ್ ಮೇಕೆ ನಾವೂ ನೀವೂ ಒಂದೇ ಅಂತಲ್ಲಣ್ಣೋ' ಅಂದನಂತೆ. ಅವನು ತಮಾಷೆಗೇ ಅಂದದ್ದು. ಭಾವ ಆ ರಾತ್ರಿ ಊಟ ಮಾಡಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಕೇಸು ಮಾತ್ರ ಹಾಗೇ ಇತ್ತು. ಬೆಂಗಳೂರಲ್ಲಿ ಎರಡೂ ಪಕ್ಷದವರು ಒಂದೇ ಸಾಲಿನಲ್ಲಿ ಕೂತು ಖಾತೆ ಹಂಚಿಕೊಳ್ಳುತ್ತಿದ್ದಾಗ, ಇವರು ವಾಯಿದೆಗೆ ವಾಯಿದೆಗೆ ಕೆಲಸ ಬಿಟ್ಟು ಕೋರ್ಟಿಗೆ ಹೋಗುತ್ತಿದ್ದರು. ಎರಡೂ ಪಾರ್ಟಿಯವರು ಒಂದೇ ಬಸ್ಸಿನಲ್ಲಿ. ಎರಡೂ ಪಕ್ಷಗಳ ನಡುವೆ ಹೊಂದಾಣಿಕೆಗೆ ಸಮನ್ವಯ ಸಮಿತಿ ಮಾಡಿಕೊಂಡಿದ್ದರಲ್ಲ, ಇವರ ವಕೀಲರ ಫೀಸು ಅದು ಕೊಟ್ಟಿತೇ?

ಚುನಾವಣೆಗೆ ಮುಂಚೆ ಹೇಳಿದ್ದೇನು ನೆನಪಿದೆಯಾ? ಜೆಡಿಎಸ್ ಅಂದರೆ ಬಿಜೆಪಿಯ ಬಿ ಟೀಮ್. ರಾಹುಲ್ ಗಾಂಧಿ ಹಾಸನಕ್ಕೇ ಬಂದು, ಜೆಡಿಎಸ್‌ನ ಎಸ್ ಅಂದರೆ ಸಂಘ ಪರಿವಾರ ಎಂದು ಹೋದರು. ಅದನ್ನು ನಂಬಿ ಓಟು ಹಾಕಿದವರಿದ್ದಾರೆ ಸ್ವಾಮಿ. ಈ ಮಾತೆಲ್ಲ ಮೇ 15ರ ಮಧ್ಯಾಹ್ನ ಎಲ್ಲಿ ಹೋಯಿತು? ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯನವರನ್ನು 36 ಸಾವಿರ ಓಟಿನಿಂದ ಸೋಲಿಸಿದವರು ಜೆಡಿಎಸ್‌ನ ಜಿ.ಟಿ. ದೇವೇಗೌಡರು. ಅವರು ಮಂತ್ರಿಯಾದರು. ಸೋತವರು ಅದೇ ಸರ್ಕಾರದ ಸಮನ್ವಯ ಸಮಿತಿಗೆ ಅಧ್ಯಕ್ಷರಾದರು. ಆ ಕ್ಷೇತ್ರದ ಮತದಾರ ಏನು ತಿಳಿದುಕೊಳ್ಳಬೇಕು?

37 ಸೀಟಿನವರು ಮುಖ್ಯಮಂತ್ರಿ, 78ರವರು ಹಿಂದೆ. ಪ್ರಮಾಣವಚನವಾಗಿ ವಾರವೂ ಆಗಿರಲಿಲ್ಲ, ಕುಮಾರಸ್ವಾಮಿಯವರೇ ತಾವು ಕಾಂಗ್ರೆಸ್ ಮುಲಾಜಿನಲ್ಲಿ ಇರುವುದಾಗಿ ಹೇಳಿದರು. ಜುಲೈಯಲ್ಲಿ ತಮ್ಮ ಪಕ್ಷದ ಸಭೆಯಲ್ಲೇ ವಿಷಕಂಠನ ಹಾಗೆ ನೋವು ನುಂಗಿಕೊಂಡಿದ್ದೇನೆ ಎಂದು ಕಣ್ಣೀರು ಹಾಕಿದರು. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಯಾರು ಕೂತಿದ್ದರೂ ಅದೇ ಗತಿ. ಸದನದಲ್ಲಿ ಬಹುಮತ ಇತ್ತು ಅಂತೀರಿ. ಇತ್ತಪ್ಪಾ. ಕೆಳಗೆ, ಊರುಗಳಲ್ಲಿ ಇರಲಿಲ್ಲ.

ಅದು ಗೊತ್ತಾದದ್ದು 2019ರ ಲೋಕಸಭೆ ಚುನಾವಣೆಯಲ್ಲಿ. ಉಪಚುನಾವಣೆಯ ಮಾತು ಬಿಡಿ, ಅಧಿಕಾರ ಕೈಯಲ್ಲಿದ್ದವರು ಅದನ್ನು ಗೆಲ್ಲುವುದು ವಾಡಿಕೆ. ಮಂಡ್ಯಕ್ಕೆ ಮೈತ್ರಿಯ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ. ಭಾವನಿಗೆ ಮೇಲಿನಿಂದ ಫೋನು ಬಂತು, ತೆನೆಗೆ ಕೆಲಸ ಮಾಡಿ ಅಂತ. 'ಯಾವ ಮಕ ಇಟ್ಕಂಡು ಹೋಗ್ಲಿ ಅವ್ರ ಮನೆ ಬಾಗಿಲ್ಗೆ' ಅಂದರು. ಹಂಚಲು ಕೊಟ್ಟ ಚೀಟಿಗಳ ಕಟ್ಟು ಅಟ್ಟದ ಮೇಲೆ ಹೋಯಿತು. ಅವರೊಬ್ಬರೇ ಅಲ್ಲ. ಸುಮಲತಾ ಪಕ್ಷೇತರರಾಗಿ ನಿಂತಿದ್ದರು, ಬಿಜೆಪಿ ಬೆಂಬಲ ಕೊಟ್ಟಿತ್ತು. ಅವರ ಮೆರವಣಿಗೆಯಲ್ಲಿ ಕಾಂಗ್ರೆಸ್ ಬಾವುಟಗಳು ರಾಜಾರೋಷವಾಗಿ ಹಾರಾಡಿದವು. ಗುರುತು ಕಹಳೆ ಊದುವ ರೈತ. ಗೆದ್ದ ಅಂತರ ಒಂದೂಕಾಲು ಲಕ್ಷ. ಪಕ್ಕದ ತುಮಕೂರಿನಲ್ಲಿ ದೇವೇಗೌಡರೇ ಸೋತರು. ರಾಜ್ಯದ 28ರಲ್ಲಿ ಮೈತ್ರಿಗೆ ಸಿಕ್ಕಿದ್ದು ಬೆಂಗಳೂರು ಗ್ರಾಮಾಂತರ, ಹಾಸನ, ಎರಡೇ. ಎರಡು ಪಕ್ಷದ ಓಟು ಕೂಡಿಸಿದರೆ ನೂರಕ್ಕೆ ಐವತ್ತಾರು ಅನ್ನುತ್ತಿದ್ದರಲ್ಲ, ಆ ಐವತ್ತಾರು ಎಲ್ಲಿ ಹೋಯಿತು?

ಕೋಮುವಾದಿಗಳನ್ನು ದೂರ ಇಡಲು ಒಂದಾದೆವು ಎಂದಿದ್ದರು. ಈಗ ಜೆಡಿಎಸ್ ಎಲ್ಲಿದೆ? ಎನ್‌ಡಿಎಯಲ್ಲಿ. ಕುಮಾರಸ್ವಾಮಿ 2024ರಲ್ಲಿ ಇದೇ ಮಂಡ್ಯದಿಂದ ಬಿಜೆಪಿ ಜೊತೆ ಸೇರಿ ಗೆದ್ದು ಕೇಂದ್ರದಲ್ಲಿ ಮಂತ್ರಿಯಾಗಿದ್ದಾರೆ. ತತ್ವ, ಸಿದ್ಧಾಂತ ಅಂತ ಇನ್ನೊಮ್ಮೆ ಯಾರಾದರೂ ಅಂದರೆ ನಗು ಬರುತ್ತೆ.

ಹಾಗಾದರೆ ಏನು ಮಾಡಬೇಕಿತ್ತು ಎಂದು ಕೇಳುತ್ತಾರೆ. ಯಾರ ಜೊತೆ ಹೋಗುತ್ತೀರಿ, ಯಾರ ಜೊತೆ ಹೋಗುವುದಿಲ್ಲ ಎಂದು ಓಟಿಗೆ ಮುಂಚೆಯೇ ಹೇಳಬೇಕಿತ್ತು. ಹೇಳಿರದಿದ್ದರೆ ಸುಮ್ನೆ ವಿರೋಧ ಪಕ್ಷದಲ್ಲಿ ಕೂರಬೇಕಿತ್ತು. 104 ಇಟ್ಟುಕೊಂಡು ಅವರು ಎಷ್ಟು ದಿನ ನಡೆಸುತ್ತಿದ್ದರೋ ನಡೆಸಲಿ, ಬಿದ್ದರೆ ಮತ್ತೆ ನಮ್ಮ ಹತ್ತಿರವೇ ಬರಲಿ. ಇನ್ನೊಂದು ಚುನಾವಣೆ ದುಬಾರಿ ಅಂತೀರಾ? ಹದಿನಾಲ್ಕು ತಿಂಗಳಿಗೆ ಶಾಸಕರು ಮುಂಬೈ ಹೋಟೆಲ್ ಸೇರಿದರು. 2019ರ ಜುಲೈ 23ರಂದು 99ಕ್ಕೆ 105ರಲ್ಲಿ ಸರ್ಕಾರ ಬಿತ್ತು. ಹದಿನೇಳು ಜನ ಅನರ್ಹರಾದರು. ಡಿಸೆಂಬರ್‌ನಲ್ಲಿ ಹದಿನೈದು ಕಡೆ ಉಪಚುನಾವಣೆ ನಡೆದು ಬಿಜೆಪಿ ಹನ್ನೆರಡು ಗೆದ್ದಿತು. ಅದರಲ್ಲಿ ನಮ್ಮ ಜಿಲ್ಲೆಯ ಕೆ.ಆರ್. ಪೇಟೆಯೂ ಒಂದು. ಅಲ್ಲಿ ಕಮಲಕ್ಕೆ ನಿಂತು ಗೆದ್ದವರು, ಹಿಂದಿನ ವರ್ಷ ತೆನೆ ಗುರುತಿನಲ್ಲಿ ಗೆದ್ದಿದ್ದವರೇ. ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿ ಖಾತೆ ತೆರೆದದ್ದು ಹಾಗೆ, ಅದನ್ನು ತಡೆಯಲು ಕಟ್ಟಿದ ಮೈತ್ರಿಯ ದೆಸೆಯಿಂದ.